ನೀನು ಎದ್ದು ನಿಂತ ಕತೆ

ಮೋಹನ,

ಇದನ್ನು ಕಳಿಸುವುದಿಲ್ಲ. ಕಳಿಸಿದರೆ ಫೋನ್ ಮಾಡಿ ಏನಾದರೂ ಹೇಳಿ ನನ್ನನ್ನು ಒಪ್ಪಿಸಿಬಿಡುತ್ತೀಯ.

ಇವತ್ತು ಹೊಳೆನರಸೀಪುರದಲ್ಲಿ, ನೀನು ಪಾಠ ಮಾಡುವ ಕಾಲೇಜಿನ ವರಾಂಡದಲ್ಲಿ ಟ್ಯೂಬ್‌ಲೈಟ್ ಹಾಕುತ್ತಿದ್ದೆ. ಪಕ್ಕದ ಕಿಟಕಿಯೊಳಗೆ ನಿನ್ನ ಕ್ಲಾಸು. ನೀನು ನನ್ನನ್ನು ನೋಡಲಿಲ್ಲ.

ಅರ್ಥಶಾಸ್ತ್ರದ ಬೇಡಿಕೆಯ ಪಾಠ ಮುಗಿಸಿ ನೀನು ‘ಅರ್ಥ ಆಯ್ತಾ?’ ಅಂದೆ. ಎಲ್ಲರೂ ‘ಆಯ್ತು ಸಾ’ ಅಂದರು.

‘ಸುಳ್ಳು ಹೇಳ್ಬೇಡ್ರೋ. ಪರೀಕ್ಷೆ ಬರೋತನ್ಕ ಬಾಯಿ ಮುಚ್ಕೊಂಡಿದ್ರೆ ಸೆಮಿಸ್ಟರೇ ಓಯ್ತದೆ. ಡಿಗ್ರೀಲಿ ಇದೇ ಪಾಠ ಅರ್ಥ ಆಗ್ಲಿಲ್ಲ ಅಂತ ನಾನೊಬ್ನೇ ಎದ್ದು ಹೇಳಿದ್ದೆ.’

ಎದ್ದವನು ನಾನು. ‘ಇಬ್ರೂ ಒಟ್ಗೆ ಎದ್ದೇಳಾಣ ಕಣ್ಲಾ’ ಎಂದು ಹಾಸನದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಹೇಳಿದವನು ನೀನು. ನಾನು ಎದ್ದಾಗ ಲೆಕ್ಚರರ್, ಪಕ್ಕದಲ್ಲಿ ಕೂತೇ ಇದ್ದ ನಿನ್ನನ್ನು ಕೇಳಿದರು. ‘ನಂಗೆ ಅರ್ಥ ಆಗೈತೆ ಸಾ’ ಅಂದೆ ನೀನು. ಇಡೀ ಕ್ಲಾಸು ನಕ್ಕಿತು. ಮರುದಿನದಿಂದ ನಾನು ಆ ಕಡೆ ಹೋಗಲಿಲ್ಲ. ಓದು ಬಿಟ್ಟದ್ದು ನನ್ನ ಹಟ, ಅದಕ್ಕೆ ನಿನ್ನನ್ನು ಬೈಯುವುದಿಲ್ಲ. ಆದರೆ ಆ ಕಾಲೇಜಿನಲ್ಲಿ ನನ್ನದು ಅಂತ ಉಳಿದಿದ್ದು ಅದೊಂದೇ. ಅದನ್ನೂ ತಗೊಂಡೆಯಲ್ಲೋ.

ಕಿಟಕಿಯಿಂದಲೇ ಕೂಗಿ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ನಂಗೇನೂ ಅರ್ಥ ಆಗ್ಲಿಲ್ಲ ಸಾ’ ಅಂದಳು. ಯಾರೋ ನಕ್ಕರು. ನೀನು ಅವರನ್ನು ಗದರಿದೆ. ಬೋರ್ಡು ಒರೆಸಿ, ಉಪ್ಪಿನ ಬೆಲೆ, ತೆಂಗಿನಕಾಯಿ ಬೆಲೆ ಬರೆದು ಮತ್ತೆ ಮೊದಲಿನಿಂದ ಹೇಳಿಕೊಟ್ಟೆ.

ನಾನು ಬಾಯಿ ಮುಚ್ಚಿಕೊಂಡು ಏಣಿಯ ಮೇಲೇ ನಿಂತು ಪೂರ್ತಿ ಕೇಳಿದೆ. ಅವತ್ತು ಅರ್ಥವಾಗದ್ದು ಇವತ್ತು ಅರ್ಥವಾಯಿತು.

ಚೆನ್ನಾಗಿ ಹೇಳ್ಕೊಡ್ತೀಯ ಕಣ್ಲಾ, ಕಳ್ಳ.