ಅರ್ಧ ಹೋಳಿಗೆಯ ಊಟಗಾರ

ಲೇ ಗೆಳೆಯಾ ಮರುಳಸಿದ್ಧ,

ಕಾಗದ ಅಂದಮೇಲೆ ಮೊದಲ ಸಾಲಿನಲ್ಲೇ ಇತ್ತ ನಾವೆಲ್ಲ ಕ್ಷೇಮ, ಅತ್ತ ನಿಮ್ಮ ಕ್ಷೇಮ ಸಮಾಚಾರ ತಿಳಿಸುವುದು ಅಂತ ಬರೆಯಬೇಕು. ನಿನಗೆ ಹಾಗೆ ಬರೆದರೆ ನೀನು ಎಲ್ಲಿಂದ ತಿಳಿಸುತ್ತೀಯ? ಅದಕ್ಕೇ ಅತ್ತಲಿನದು ಬಿಟ್ಟು ಇತ್ತಲಿನದಷ್ಟೇ ಬರೆಯುತ್ತೇನೆ. ಮೊನ್ನೆ ನಿನ್ನ ಮಗಳು ಶೈಲಳ ಮದುವೆ ಆಯಿತು ಕಣೋ. ಸಖರಾಯಪಟ್ಟಣದ ಗಂಡು, ಒಳ್ಳೆಯ ಹುಡುಗ. ಮರುದಿನ ನಿಮ್ಮ ಮನೆಯಲ್ಲೇ ಬೀಗರೂಟ. ನಿನ್ನ ಜಾಗದಲ್ಲಿ ಬೀಗರ ಎದುರು ಎಲೆ ಮುಂದೆ ಕೂತವನು ನಾನು. ಅಲ್ಲಿ ಏನೇನಾಯಿತು ಅಂತ ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಅಜ್ಜಂಪುರದ ಪೇಟೆ ಬೀದಿಯಲ್ಲಿ ನಿನ್ನ ದಿನಸಿ ಅಂಗಡಿ, ಪಕ್ಕದಲ್ಲಿ ನನ್ನ ಟೈಲರ್ ಅಂಗಡಿ. ನೀನು ಗುಡಾಣ, ನಾನು ಹರವಿ, ಎರಡೂ ದೊಡ್ಡ ಹೊಟ್ಟೆಯ ಮಡಕೆಗಳೇ. ಊರಿನವರು ಇಟ್ಟ ಹೆಸರು, ನಮಗೇನೂ ಬೇಜಾರಿರಲಿಲ್ಲ. ಪಂಕ್ತಿಯಲ್ಲಿ ನಾವಿಬ್ಬರು ಕೂತರೆ ನಾಲ್ಕು ಜನರ ಚಾಪೆ ಮುಗಿಯುತ್ತಿತ್ತು. ಬೀಗರೂಟ ಅಂದರೆ ಹೆಣ್ಣಿನ ಕಡೆಯ ಯಜಮಾನ ಗಂಡಿನ ಕಡೆಯ ಯಜಮಾನನ ಎದುರು ಕೂರಬೇಕು. ಅವರು ಸಾಕು ಅನ್ನುವ ತನಕ ಇವನು ಸಾಕು ಅನ್ನಕೂಡದು. ಯಜಮಾನನಿಗೆ ವಯಸ್ಸಾಗಿದ್ದರೆ, ಮೈಯಲ್ಲಿ ಹುಷಾರಿಲ್ಲದಿದ್ದರೆ, ಅವನ ಮಾನ ಕಾಯುವುದಕ್ಕೆ ಶಿವನಿಯಿಂದ, ತರೀಕೆರೆಯಿಂದ ನಮಗೆ ಕರೆ ಬರುತ್ತಿತ್ತು. ಒಂದೊಂದು ಊರಲ್ಲಿ ಹೋಳಿಗೆ ಬಡಿಸುವವರು ನಮ್ಮ ಹತ್ತಿರ ಬಂದು ತಟ್ಟೆ ಕೆಳಗಿಟ್ಟು, ಉಸಿರು ಬಿಟ್ಟು, ಮತ್ತೆ ಎತ್ತುತ್ತಿದ್ದರು. ಎಂಥ ಮರ್ಯಾದೆ ಮಾರಾಯ ಅದು! ‘ನನ್ನ ಶೈಲನ ಮದ್ವೇಲಿ ನೀನೂ ನನ್ ಪಕ್ಕ ಕೂತ್ಕೋಬೇಕು ಕಣೋ, ಬೀಗ್ರು ಎದ್ದು ಓಡ್ಬೇಕು’ ಅಂತ ನೀನು ಎಷ್ಟು ಸಲ ಹೇಳಿದ್ದೆ.

ಶಿವಮೊಗ್ಗೆಯ ಆಸ್ಪತ್ರೆಯ ಆ ಬೆಳಿಗ್ಗೆ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಇಬ್ಬರಿಗೂ ಹೊಟ್ಟೆನೋವು, ಇಬ್ಬರೂ ಸೋಡಾ ಕುಡಿದು ಕುಡಿದು ದಿನ ದೂಡಿದ್ದೆವು. ಡಾಕ್ಟರು ಪರೀಕ್ಷೆ ಮಾಡಿ, ಇಬ್ಬರಿಗೂ ಹುಣ್ಣು, ಹೊಟ್ಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕತ್ತರಿಸಿ ತೆಗೆಯಬೇಕು ಅಂದುಬಿಟ್ಟರು. ಟೈಲರ್‌ನಾದ ನನಗೇ ಮೈ ಜುಮ್ಮೆಂದಿತು. ಅಕ್ಕಪಕ್ಕದ ಮಂಚದಲ್ಲಿ ರಾತ್ರಿ ಕಳೆದೆವು. ಬೆಳಿಗ್ಗೆ ನರ್ಸಮ್ಮ ಮೊದಲು ನನ್ನನ್ನು ಕರೆದು ಎನಿಮಾ ಕೊಟ್ಟಳು. ನಾನು ಹೋಗಿ, ಬಂದು, ಮತ್ತೆ ಹೋಗಿ, ಗೋಡೆ ಹಿಡಿದುಕೊಂಡು ವಾಪಸ್ಸು ಬಂದರೆ ನಿನ್ನ ಮಂಚ ಖಾಲಿ! ಕಿಟಕಿಯಲ್ಲಿ ನೋಡುತ್ತೇನೆ, ನೀನು ಪಂಚೆ ಎತ್ತಿ ಕಟ್ಟಿ ರಸ್ತೆ ದಾಟುತ್ತಿದ್ದೀಯ. ಅಷ್ಟು ದಪ್ಪನ ಮನುಷ್ಯ ಅಷ್ಟು ಜೋರಾಗಿ ನಡೆದದ್ದು ನಾನು ಅವತ್ತೇ ನೋಡಿದ್ದು. ಓಂಕಾರಪ್ಪ ಧೈರ್ಯಸ್ಥ, ಆಪರೇಷನ್‌ಗೆ ಎದೆ ಕೊಟ್ಟ ಅಂತ ಊರೆಲ್ಲ ಹೊಗಳಿತು. ಧೈರ್ಯವೂ ಇಲ್ಲ, ಮಣ್ಣೂ ಇಲ್ಲ. ನಾನೂ ಓಡುವವನೇ. ಆದರೆ ಎನಿಮಾ ಕೊಟ್ಟ ಮೇಲೆ ಮನುಷ್ಯ ಎಷ್ಟು ದೂರ ಓಡಬಲ್ಲ ಹೇಳು?

ಹೊಲಿಗೆ ಬಿಚ್ಚಿ ಊರಿಗೆ ಬಂದ ದಿನ ನೀನೇ ಮೊದಲು ನೋಡಲು ಬಂದೆ. ‘ಲೇ, ಮಿಕ್ಕಿದ್ದೆಲ್ಲಾ ಎಲ್ಲಿ ಬಿಟ್ಟು ಬಂದ್ಯೋ?’ ಅಂತ ನಕ್ಕೆ. ನನಗೆ ಅಂತ ತಂದ ಕೋಡುಬಳೆ ನನ್ನೆದುರೇ ಕೂತು ನೀನೇ ತಿಂದೆ. ನನಗೆ ಡಾಕ್ಟರು ಹೇಳಿದ್ದು ಇಷ್ಟು: ಸ್ವಲ್ಪ ಸ್ವಲ್ಪ ತಿನ್ನು, ಚೆನ್ನಾಗಿ ಅಗಿದು ನುಂಗು, ಸಿಹಿ ಕಂಡರೆ ದೂರ ಇರು. ಅಂಗೈಯಗಲದ ಅನ್ನಕ್ಕೆ ನನಗೆ ಹೊಟ್ಟೆ ತುಂಬುತ್ತಿತ್ತು. ಮೈ ಇಳಿಯುತ್ತಾ ಇಳಿಯುತ್ತಾ ನನ್ನ ಅಂಗಿಯೊಳಗೆ ಇನ್ನೊಬ್ಬ ಬಂದು ಕೂರುವಷ್ಟು ಜಾಗವಾಯಿತು. ಹೊಲಿಗೆ ಹಿಡಿಸಿ ಸಣ್ಣ ಮಾಡಿಕೊಳ್ಳಿ ಅಂತ ನನ್ನವಳು ಶಾರದೆ ದಿನಾ ಹೇಳಿದರೂ ನಾನು ಕತ್ತರಿ ಮುಟ್ಟಲಿಲ್ಲ. ತನ್ನ ಅಂಗಿಯನ್ನೇ ಅಳತೆಗೆ ಹೊಲಿಯಲಾರದವನು ಊರವರಿಗೇನು ಹೊಲಿದಾನು ಅಂತ ಗಿರಾಕಿಗಳು ಕಡಿಮೆಯಾದ ಮೇಲೆ ಒಂದು ದಿನ ಬಾಗಿಲು ಹಾಕಿಕೊಂಡು ಎಲ್ಲ ಅಂಗಿ ಬಿಚ್ಚಿ ಸಣ್ಣ ಮಾಡಿದೆ. ಕತ್ತರಿಸಿದ ಬಟ್ಟೆ ನೋಡಿ ಅಳು ಬಂತು ಕಣೋ. ನಗಬೇಡ.

ಬೀರೂರಿನ ಬಸ್ಸು ಹತ್ತಿದಾಗಲೆಲ್ಲ ಅನ್ನಿಸುತ್ತದೆ, ಮೊದಲು ನಾನು ಕೂತರೆ ಆ ಸೀಟಿಗೆ ಇನ್ಯಾರೂ ಬರುತ್ತಿರಲಿಲ್ಲ. ಈಗ ‘ಸ್ವಲ್ಪ ಸರೀರಿ’ ಅಂತ ನಾಲ್ಕನೆಯವನು ಬಂದು ತುರುಕಿಕೊಳ್ಳುತ್ತಾನೆ. ಮರದ ಬೆಂಚು ಮೂಳೆಗೆ ಒತ್ತುತ್ತದೆ. ಬೇಸಿಗೆಯಲ್ಲೂ ಚಳಿ. ಪಂಚಾಯ್ತಿ ಕಟ್ಟೆಯಲ್ಲಿ ನಾನು ಮಾತಾಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಮಾತಿಗಿಂತ ಮೈಗೇ ಬೆಲೆ ಇತ್ತೇನೋ. ಶಾರದೆಯ ಪಾಡು ಇನ್ನೂ ಕಷ್ಟ. ‘ಗಂಡನಿಗೆ ಸರ್ಯಾಗಿ ಉಣ್ಣಕ್ಕಿಕ್ಕಮ್ಮ’ ಅಂತ ಬಾವಿಕಟ್ಟೆಯಲ್ಲಿ ಅವಳಿಗೆ ಪಾಠ! ಅವಳು ಮನೆಗೆ ಬಂದು ಕೊಡ ದಡಾರನೆ ಇಳಿಸುತ್ತಾಳೆ. ಬೈಗುಳ ನನಗೆ.

ನನ್ನ ಆಪರೇಷನ್ ಆದ ವರ್ಷದ ಮಳೆಗಾಲದಲ್ಲಿ ನಿನ್ನ ಹುಣ್ಣು ಒಡೆಯಿತು. ಕಾರು ಮಾಡಿಕೊಂಡು ಶಿವಮೊಗ್ಗೆಗೆ ಹೊರಟೆವು. ತರೀಕೆರೆ ದಾಟಿದ ಮೇಲೆ ನೀನು ನರಳುವುದು ನಿಂತಿತು. ನನ್ನ ಕೈ ಹಿಡಿದಿದ್ದೆಯಲ್ಲ, ಆ ಹಿಡಿತ... ಬಿಡು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುವುದು. ಗುಂಡಿಯೊಳಗೆ ತೋಡಿದ ಗೂಡು ನಿನಗೆ ಸಾಲದೆ ಮತ್ತೆ ಅಗಲ ಮಾಡಿಸಬೇಕಾಯಿತು. ಅಯ್ಯನೋರು ಮಂತ್ರ ನಿಲ್ಲಿಸಿ ಕಾದು ನಿಂತರು. ಅಳುತ್ತಿದ್ದ ನನಗೆ ತಡೆಯಲಾರದ ನಗು ಬಂತು. ಹೇಳೋಣ ಅಂತ ಪಕ್ಕಕ್ಕೆ ತಿರುಗಿದೆ. ನೀನು ಗುಂಡಿಯಲ್ಲಿದ್ದೆ.

ತರೀಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಹೋದ ವರ್ಷ ಒಬ್ಬ ಸಿಕ್ಕ. ಮದುವೆ ಅಡಿಗೆಯ ಮುದುಕ, ನಮಗೆ ಎಷ್ಟೋ ಸಲ ಬಡಿಸಿದವನು. ನನ್ನ ಪಕ್ಕವೇ ಕೂತು, ಯಾವೂರು ಅಂತ ಕೇಳಿ, ಅಜ್ಜಂಪುರ ಅಂದ ಕೂಡಲೇ ‘ನಿಮ್ಮೂರಾಗೆ ಇಬ್ರು ಊಟಗಾರರಿದ್ರು ನೋಡಿ, ಏನ್ ಉಣ್ಣೋರು ಅಂತೀರಿ! ಪಾಪ, ಇಬ್ರೂ ಹೋಗ್ಬಿಟ್ರಂತಲ್ಲ’ ಅಂದ. ನಾನು ಇದ್ದೀನಿ ಕಣಯ್ಯ ಅನ್ನಲು ಬಾಯಿ ತೆರೆದೆ. ಆದರೆ ಬಂದದ್ದು ‘ಹೌದಂತೆ’ ಅಂತ. ಅವನು ಎಲೆಅಡಿಕೆ ಕೊಟ್ಟು ನಮ್ಮಿಬ್ಬರ ಗುಣಗಾನ ಮಾಡುತ್ತಾ ಹೋದ, ನಾನು ಹೂಂ ಅನ್ನುತ್ತಾ ಕೇಳಿದೆ. ನಮ್ಮ ಬಗ್ಗೆ ಜನಕ್ಕೆ ಅಷ್ಟು ಪ್ರೀತಿ ಇತ್ತು ಅಂತ ಸತ್ತಮೇಲೇ ಗೊತ್ತಾದದ್ದು ನನಗೆ.

ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಮರುಳಸಿದ್ಧನೇ ಬುದ್ಧಿವಂತ. ಕೊನೆಯ ತನಕ ಹೊಟ್ಟೆ ತುಂಬ ಉಂಡು, ಗುಡಾಣನಾಗಿಯೇ ಹೋದ. ನಾನು ಉಳಿದು ಮಾಡಿದ್ದೇನು? ಗಂಜಿ ಕುಡಿದದ್ದು. ಯಾಕಾದರೂ ಆ ಮೇಜಿನ ಮೇಲೆ ಮಲಗಿದೆನೋ ಅಂತ ಸಿಕ್ಕಸಿಕ್ಕವರ ಮುಂದೆ ಗೋಳಾಡಿದೆ. ಈಗ ನಿನ್ನ ಅಂಗಡಿಯಲ್ಲಿ ಕೂರುವುದು ನಿನ್ನ ಹೆಂಡತಿ ಗಂಗಮ್ಮ ತಾನೇ, ಬೇಳೆ ತರಲು ಹೋದಾಗ ಅವಳ ಮುಂದೂ ಅದೇ ಗೋಳು. ಆ ಹೆಣ್ಣುಮಗಳು ಬೇಳೆ ತೂಗಿ ಕೊಡುತ್ತಿದ್ದಳು. ಯಾರ ಮುಂದೆ ಏನು ಹೇಳುತ್ತಿದ್ದೇನೆ ಅಂತ ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಬೀಗರೂಟದ ದಿನ ಬೆಳಿಗ್ಗೆ ಶಾರದೆ ನನ್ನ ಕೈ ಹಿಡಿದು ‘ಆಪರೇಶನ್ ಆಗೈತೆ ಅಂತ ಮೊದ್ಲೇ ಹೇಳ್ಬಿಡ್ರೀ’ ಅಂದಳು. ಹೇಗೆ ಹೇಳಲಿ? ನಿನ್ನ ಬೀಗರು ಚನ್ನಬಸಪ್ಪನವರು ಎದುರು ಬಂದು ಕೂತರು. ಒಳ್ಳೆ ಭಾರಿ ಆಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ‘ಅಜ್ಜಂಪುರದೋರು ಉಣ್ಣೋದ್ರಾಗೆ ಗಟ್ಟಿ ಅಂತ ಕೇಳಿದ್ವಿ. ಇವ್ರೇನಾ?’ ಅಂದರು. ಅವರ ಕಡೆಯವರೆಲ್ಲ ಘೊಳ್ಳೆಂದರು. ಮರುಳಾ, ಅವರು ನಕ್ಕದ್ದು ನನಗಲ್ಲ, ನಿನಗೆ ಅನ್ನಿಸಿಬಿಟ್ಟಿತು. ನಿನ್ನ ಮಗಳು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಾಳೆ, ನಿನ್ನ ಮನೆಯ ಪಂಕ್ತಿ, ನಿನ್ನ ಜಾಗ. ‘ಬಡಿಸ್ರೋ’ ಅಂದೆ.

ಮೊದಲ ಹೋಳಿಗೆ ತುಪ್ಪದಲ್ಲಿ ಅದ್ದಿ ಬಾಯಿಗಿಟ್ಟಾಗ ಹಳೆಯ ಕಾಲವೇ ತಿರುಗಿ ಬಂದ ಹಾಗಾಯಿತು. ಎರಡನೆಯದು ಕಾಯಿಹಾಲಿನ ಜೊತೆ. ಬೀಗರ ಮುಖ ಸ್ವಲ್ಪ ಸಣ್ಣದಾದದ್ದು ಕಂಡು ಮೂರನೆಯದಕ್ಕೂ ಕೈ ಹಾಕಿದೆ. ಅಲ್ಲಿಗೆ ಮುಗಿಯಿತು. ಮೈಯೆಲ್ಲ ತಣ್ಣನೆ ಬೆವರು, ಎದೆ ಡವಡವ, ಎದುರಿಗೆ ಚನ್ನಬಸಪ್ಪನವರು ಇಬ್ಬರಾದರು. ಒಬ್ಬರನ್ನೇ ಎದುರಿಸಲಾರದವನು ಇಬ್ಬರನ್ನು ಹೇಗೆ ಎದುರಿಸಲಿ? ಕೆಮ್ಮು ಬಂದವನ ಹಾಗೆ ಬಾಯಿಗೆ ಹೆಗಲ ಮೇಲಿನ ಟವಲು ಹಿಡಿದು, ಎದ್ದು, ಉಗ್ರಾಣಕ್ಕೆ ನುಗ್ಗಿ, ಬೆಲ್ಲದ ಮೂಟೆಗೆ ಒರಗಿ ಬಿದ್ದೆ. ಪಂಕ್ತಿಯಲ್ಲಿ ಎಲ್ಲರೂ ಉಂಡು ಮುಗಿಸುವ ಮೊದಲು ಎದ್ದವನು ನಾನು! ನಮ್ಮ ಜನ್ಮದಲ್ಲಿ ಹೀಗಾಗಿತ್ತೇನೋ?

ಉಗ್ರಾಣದಲ್ಲಿ ಗಂಗಮ್ಮ ಇದ್ದಳು. ನೀನು ಹೋದಮೇಲೆ ಶುಭಕಾರ್ಯದಲ್ಲಿ ಅವಳು ಮುಂದೆ ಬರುವುದಿಲ್ಲ. ಮದುವೆಯುದ್ದಕ್ಕೂ ಒಳಗೇ ಕೂತು ಸಾಮಾನು ಅಳೆದು ಕೊಡುತ್ತಿದ್ದಳು. ನನ್ನ ಮುಖಕ್ಕೆ ನೀರು ಚಿಮುಕಿಸಿ, ಗಾಳಿ ಬೀಸಿ, ಉಸಿರು ಸರಿಹೋದ ಮೇಲೆ ಶುರು ಮಾಡಿದಳು.

‘ಏನ್ ಓಂಕಾರಣ್ಣ, ನನ್ ಮಗ್ಳು ಮದ್ವೆ ಮನೇಲಿ ನೀವೂ ಹೋಗ್ಬೇಕು ಅಂತ ಮಾಡಿದ್ರೇನು?’

‘ಮರುಳನ ಮಾನ ಕಣಮ್ಮ...’

‘ಅವರ ಮಾನ ಹೋಳ್ಗೇಲಿತ್ತೇನು? ದಿನಾ ಬಂದು ನನ್ ಮುಂದೆ ಸಣ್ಣಗಾದೆ, ಸಣ್ಣಗಾದೆ ಅಂತ ಅಳ್ತೀರಲ್ಲ. ನಾನು ಏನ್ ಅನ್ಕೊಂತೀನಿ ಗೊತ್ತಾ? ಅವತ್ತು ಅವರೂ ಓಡಿ ಬರ್ದೆ ಮಲಗಿದ್ರೆ, ಇವತ್ತು ಹಿಂಗೇ ಕಡ್ಡಿ ಹಂಗಾಗಿ, ಹಿಂಗೇ ಗೊಣಗ್ತಾ ಕೂತಿರೋರು. ನಾನು ಅದನ್ನ ಕೇಳ್ಕೊಂಡು ಇರ್ತಿದ್ದೆ. ಸಾಯೋ ತನಕ ಕೇಳ್ಕೊಂಡು ಇರ್ತಿದ್ದೆ.’

ಅವಳು ಕಣ್ಣೊರೆಸಿಕೊಂಡು ಎದ್ದಳು. ‘ಏಳ್ರಿ’ ಅಂದಳು. ತಟ್ಟೆಯಲ್ಲಿ ಒಂದು ಹೋಳಿಗೆ ಇಟ್ಟುಕೊಂಡು, ನನ್ನನ್ನು ಮುಂದೆ ಬಿಟ್ಟುಕೊಂಡು, ಎಲ್ಲರ ಎದುರು ಪಂಕ್ತಿಯ ನಡುವೆ ನಡೆದು ಬಂದಳು. ಜನ ಎಲೆಯಿಂದ ತಲೆ ಎತ್ತಿ ನೋಡಿದರು. ಹೋಳಿಗೆ ಮುರಿದು ಅರ್ಧ ನನ್ನ ಎಲೆಗೆ ಹಾಕಿ, ಬೀಗರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು: ‘ಇವ್ರು ನಮ್ಮನೆ ಊಟಗಾರ್ರು. ಹೊಟ್ಟೆ ಆಪರೇಶನ್ ಆಗೈತೆ, ಇಷ್ಟೇ ಉಣ್ಣೋದು. ನಿಧಾನಕ್ಕೆ ಉಣ್ತಾರೆ. ಇವ್ರು ಮುಗಿಸೋಗಂಟ ಯಾರೂ ಏಳಂಗಿಲ್ಲ.’

ಹೆಣ್ಣಿನ ತಾಯಿ ಹೇಳಿದ ಮೇಲೆ ಏಳುವ ಎದೆಗಾರಿಕೆ ಯಾರಿಗಿದೆ? ಆದರೆ ನೀನು ನೋಡಬೇಕಿತ್ತು ಮಾರಾಯ. ಆಸ್ಪತ್ರೆಯಲ್ಲಿ ಕಲಿಸಿದ ಹಾಗೆ ನಾನು ಚೂರು ಮುರಿಯುವುದು, ಅಗಿಯುವುದು, ಅಗಿಯುವುದು, ನುಂಗುವುದು. ಸಖರಾಯಪಟ್ಟಣದ ಇಡೀ ದಿಬ್ಬಣ ಮಜ್ಜಿಗೆ ಕೈ ಒಣಗಿಸಿಕೊಂಡು ನನ್ನ ದವಡೆ ನೋಡುತ್ತಾ ಕೂತಿತ್ತು. ಒಬ್ಬರಿಗೆ ತೂಕಡಿಕೆ, ಒಬ್ಬರಿಗೆ ಕಾಲು ಜೋಮು. ಕಡೂರಿಗೆ ಹೋಗುವ ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು, ಅದರಲ್ಲಿ ಹೋಗಬೇಕಿದ್ದವರು ಎಲೆಯ ಮುಂದೆಯೇ ಅದನ್ನು ಕೇಳಿಸಿಕೊಂಡರು. ಬೀಗರ ಎದುರು ನಾವಿಬ್ಬರು ಎಷ್ಟು ಉಂಡಿದ್ದೇವೆ, ಯಾರನ್ನಾದರೂ ಹೀಗೆ ಕೂರಿಸಿದ್ದೆವಾ? ಆ ಅರ್ಧ ಹೋಳಿಗೆ ಏನೂ ಮಾಡಲಿಲ್ಲ, ಕಣೋ. ರುಚಿಯಾಗಿತ್ತು. ಆಪರೇಷನ್ ಆದ ಮೇಲೆ ನನಗೆ ಊಟ ರುಚಿಯಾದದ್ದು ಅವತ್ತೇ.

ಕೈ ತೊಳೆಯುವಾಗ ಚನ್ನಬಸಪ್ಪನವರು ನನ್ನ ಪಕ್ಕ ಬಂದು ನಿಂತರು. ಅಣಕಿಸಲು ಬಂದರು ಅಂದುಕೊಂಡೆ. ಸುತ್ತ ನೋಡಿ, ದನಿ ತಗ್ಗಿಸಿ, ‘ಓಂಕಾರಪ್ಪೋರೇ, ಕೊಯ್ದಾಗ ಭಾಳ ನೋವಾಗುತ್ತಾ?’ ಅಂದರು. ಆಗ ನೋಡಿದೆ, ಅವರ ಒಂದು ಕೈ ಪಕ್ಕೆಯ ಕೆಳಗೆ ಒತ್ತಿ ಹಿಡಿದೇ ಇತ್ತು. ಎಷ್ಟು ದಿನದಿಂದ ಅಂದೆ. ಸೋಡಾ ಕುಡಿದರೆ ಕಡಿಮೆಯಾಗುತ್ತೆ ಅಂದರು. ಡಾಕ್ಟರು ಆಪರೇಷನ್ ಅಂತ ಹೇಳಿಯೂ ಆಯಿತಂತೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮದುವೆ ಮುಗಿಯಲಿ ಅಂತ ಒಂದು ನೆಪ, ಇನ್ನು ಕೊಯ್ಲು ಮುಗಿಯಲಿ ಅಂತ ಇನ್ನೊಂದು. ನಿನ್ನ ಮಗಳ ಮಾವ ಕಣೋ ಆತ! ಅಲ್ಲೇ ನಿಂತು ನಿನ್ನ ಕಥೆ ಪೂರ್ತಿ ಹೇಳಿದೆ, ರಸ್ತೆ ದಾಟಿದ್ದರಿಂದ ಹಿಡಿದು ತರೀಕೆರೆಯ ತನಕ. ನನ್ನದನ್ನೂ ಹೇಳಿದೆ: ಚಳಿಯಾಗುತ್ತೆ, ಬೆಂಚು ಒತ್ತುತ್ತೆ, ಅಂಗಿ ಸಣ್ಣ ಮಾಡುವಾಗ ಅಳು ಬರುತ್ತೆ, ಆದರೂ ಮಗಳ ಮದುವೆ ನೋಡಲು ಸಿಗುತ್ತೆ.

ಸೋಮವಾರ ಅವರನ್ನು ಶಿವಮೊಗ್ಗೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ನೀನು ಬುದ್ಧಿವಂತ ಅಂದೆನಲ್ಲ, ಆ ಮಾತು ವಾಪಸ್ಸು. ನೀನು ಓಡಬಾರದಿತ್ತು ಮರುಳಾ. ನನ್ನ ಜೊತೆ ಸಣ್ಣಗಾಗಿ, ಗೊಣಗಿಕೊಂಡು ಇರಬೇಕಿತ್ತು. ಚನ್ನಬಸಪ್ಪನವರನ್ನು ಮಾತ್ರ ಓಡಲು ಬಿಡುವುದಿಲ್ಲ, ಇದು ನಿನ್ನ ಮೇಲಾಣೆ. ವಾರ್ಡಿನ ಬಾಗಿಲಿಗೆ ಅಡ್ಡ ನಾನೇ ಕೂರುತ್ತೇನೆ. ಈಗ ನಾನು ಕೂತರೂ ಪಕ್ಕದಲ್ಲಿ ನುಸುಳುವಷ್ಟು ಸಂದು ಉಳಿಯುತ್ತದೆ, ನಿಜ. ಅಲ್ಲಿ ಗಂಗಮ್ಮ ಕೂರುತ್ತಾಳೆ.

ಪಕ್ಕದ ಅಂಗಡಿಯ
ಓಂಕಾರ