ಕಲ್ಲಿನ ಬಣ್ಣ ಸರಿಯಾದ ಮೇಲೆ

ವಾಡಿ, ಫೆಬ್ರವರಿ 2005

ಅಕ್ಕಾ,

ಇವತ್ತು ಚಿತ್ತಾಪುರದ ಸ್ಟುಡಿಯೋದಲ್ಲಿ ನಿನ್ನನ್ನು ನೋಡಿ ಬಂದೆ. ಮಾವನ ಮಗಳು ಇಂದಿರಾಳ ಮದುವೆಯಲ್ಲಿ ನಾನೇ ತೆಗೆದ ಕಲರ್ ಫಿಲ್ಮಿನ ರೀಲು, ಇಪ್ಪತ್ತೈದು ವರ್ಷದಲ್ಲಿ ಬಣ್ಣ ಮಾಸಿ ಪೂರಾ ಕೆಂಪಾಗಿಬಿಟ್ಟಿತ್ತು. ಸ್ಟುಡಿಯೋದ ಕಪಿಲ ಅದನ್ನು ಕಂಪ್ಯೂಟರಿನಲ್ಲಿ ತಿದ್ದುತ್ತಿದ್ದ. ಮೊದಲು ಅಂಗಳದ ಶಹಾಬಾದ್ ಕಲ್ಲನ್ನು ಅದರ ಬೂದು ಬಣ್ಣಕ್ಕೆ ತಂದ. ಕಲ್ಲು ಸರಿಯಾದರೆ ಉಳಿದದ್ದೆಲ್ಲ ತಾನೇ ಸರಿಯಾಗುತ್ತದಂತೆ. ಅಪ್ಪನ ಧೋತರ ಬೆಳ್ಳಗಾಯಿತು, ಹಂದರದ ಮಾವಿನೆಲೆ ಹಸಿರಾಯಿತು. ನಿನ್ನ ಮುಖ ಮಾತ್ರ ಹಳದಿಯಾಗಿಯೇ ಉಳಿಯಿತು.

"ಅರಿಶಿನ ಹಚ್ಚಿದ ದಿನ ಅದು," ಎಂದೆ.

"ಅದು ಖರೇರಿ. ಆದ್ರ ಇವರ ಕಣ್ಣೂ ಹಳದಿ ಅವಲ್ರೀ," ಎಂದ ಕಪಿಲ.

ಅವತ್ತು ನೀನು, "ತಮ್ಮಾ, ಭಾಳ ಸುಸ್ತ ಆಗಾಕತ್ತದ, ಕುಂದರ್ತೀನಿ," ಎಂದಿದ್ದೆ. ಹೆಂಗಸರೆಲ್ಲರ ಮುಖವೂ ಹಳದಿಯಾಗಿದ್ದ ದಿನ. ನಾನು ಕ್ಯಾಮೆರಾ ಇಳಿಸದೆಯೇ, "ರೀಲು ಮುಗಿಲಿಕತ್ತದ, ಒಂದ್ಸಲ ನಗು," ಎಂದೆ. ನೀನು ನಕ್ಕೆ. ಹದಿನೇಳನೆಯ ದಿನ ಕಾಮಾಲೆ ನಿನ್ನನ್ನು ಒಯ್ದಿತು.

ಕಪಿಲ ನನ್ನ ಕಡೆ ತಿರುಗಿ, "ಇನ್ನೇನು ತಿದ್ದಲಿರಿ?" ಎಂದು ಕೇಳಿದ.

"ಮತ್ತ ಮೊದಲಿನಂಗ ಕೆಂಪು ಮಾಡಪಾ," ಎಂದೆ.