ಕಾವಳದಲ್ಲಿ ನನ್ನ ಧ್ವನಿ

ಜನವರಿ 5, ಮುಂಜಾನೆ

ಸಭಿಕರೇ! ಮುಂದಿನ ಚಾಪೆಯ ಮೇಲೆ ಕುಂತ ಮಹನೀಯರೇ, ಹಿಂದೆ ಗೋಡೆಗೆ ಒರಗಿ ನಿಂತ ತಾಯಂದಿರೇ! — ಯಾರೂ ಇಲ್ಲ. ನಾನು, ಈ ಡೈರಿ, ಆರಿದ ಚಹಾ. ಆದರೂ ಹೀಗೆ ಕೂಗದಿದ್ದರೆ ಶಂಕ್ರಪ್ಪನ ಪೆನ್ನು ಓಡುವುದಿಲ್ಲ.

ಇವತ್ತೂ ಆಲದ ಬುಡದಲ್ಲೇ ಪ್ರಾಕ್ಟೀಸು — ಕೆರೆ ಏರಿಯ ಮೇಲಿನ ದಾರಿ ನೀರನ್ನು ಸುತ್ತಿಕೊಂಡು ಎಡಕ್ಕೆ ಹೊರಳುವಲ್ಲಿ. ಸಂಕ್ರಾಂತಿಗೆ ನಾಟಕ, ನನ್ನದು ಖಳನಾಯಕನ ಪಾರ್ಟು. ಕಾವಳವೋ ಕಾವಳ! ಮಂಜಿನಲ್ಲಿ ಚಾಚಿದ ಕೈ ಕಾಣದು. ಎಲೆಯಿಂದ ಇಬ್ಬನಿ ತಟತಟ. ಹಾಲಿನ ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಫಕ್ಕೀರೇಶ ಹೋದ. "ಏರಸ್ರಿ ಶಂಕ್ರಣ್ಣಾ, ಇನ್ನೂ ಏರಸ್ರಿ ಧ್ವನಿ!" ಅಂದ. ಉಬ್ಬಿಹೋದೆ.

ಮನೆಗೆ ಬಂದರೆ ಹೆಂಡತಿ ನೇತ್ರಾ: "ನಿಮ್ಮ ಸಲುವಾಗಿ ಊರಾಗಿನ ಹುಂಜೆಲ್ಲಾ ಕೆಲಸ ಬಿಟ್ಟಾವ್ರಿ."

ಜನವರಿ 7

ರಾತ್ರಿಯಿಡೀ ಜಿಟಿಜಿಟಿ ಹನಿ. ಮೇಲೆ ಥಂಡಿ ಗಾಳಿ. ಗಂಟಲು ಕಟ್ಟಿದೆ. "ಆ ಗಾಳ್ಯಾಗ ನಿಂದರಬ್ಯಾಡ್ರಿ" ಅಂತಾಳೆ ನೇತ್ರಾ. ಖರೆ. ನಾಳೆ ಪ್ರಾಕ್ಟೀಸು ಕೆರೆ ನೀರು ಬಿಡುವ ತೂಬಿನ ಕಟ್ಟೆಯ ಮೇಲೆ. ಅದೇ ಏರಿಯ ಮೇಲೆ, ದಾರಿ ಹೊರಳುವ ಜಾಗಕ್ಕಿಂತ ಮೊದಲೇ ಇದೆ, ಗೋಡೆ ಮರೆ ಇದೆ. ಧ್ವನಿ ನೀರಿನ ಮೇಲೆ ಹರಿದು ತಿರುಗಿ ಬರುತ್ತದೆ. ಆಹಾ!

ಜನವರಿ 8, ಸಂಜೆ

ಮುಂಜಾನೆ ಆದದ್ದು ಬರೆಯಬೇಕು.

ಕಟ್ಟೆಯ ಮೇಲೆ ನಿಂತಿದ್ದೆ. ಸುತ್ತ ಬರೀ ಬಿಳುಪು. ಕೊನೆಯ ಡೈಲಾಗು — "ಬಾ! ನನ್ನ ಕಡೆಗೇ ಬಾ!" ನನ್ನ ಅಬ್ಬರದಲ್ಲಿ ಬೈಕಿನ ಸದ್ದು ಕೇಳಲಿಲ್ಲ. ಧುಡುಮ್ ಅಂತ ನೀರು. ಎಮ್ಮೆ ಇಳಿಯಿತು ಅಂದುಕೊಂಡೆ. ಶಿವನೇ... ಎಮ್ಮೆ ಅಂದುಕೊಂಡೆ! ಖಳನಾಯಕನ ನಗೆ ಬಾಕಿ ಇತ್ತು. ನಕ್ಕೆ. ಪೂರ್ತಿ ನಕ್ಕೆ.

ಕ್ಯಾನು ತೇಲಿ ಬಂದು ಕಲ್ಲಿಗೆ ಟಣ್ ಅಂದಿತು. ನೀರೆಲ್ಲ ಹಾಲು.

ಹಾರಿದೆ. ಫಕ್ಕೀರೇಶನ ಕೂದಲು ಹಿಡಿದು ಎಳೆದೆ. ಉಸಿರಿತ್ತು. ಮಾತಿಲ್ಲ. ಹಾನಗಲ್ ದವಾಖಾನೆಗೆ ಒಯ್ದೆವು.

ಅವನ ಹೆಂಡತಿ ಮಾಲಾ ಓಡಿ ಬಂದಳು. "ಇವತ್ತ ನೀವು ಆಲದ ಬುಡಕ್ಕ ಬಂದಿರಲಿಲ್ಲೇನ್ರಿ ಅಣ್ಣಾರ? ಕಾವಳ ಇದ್ದಾಗ ನಿಮ್ಮ ಧ್ವನಿ ಬಂದಲ್ಲೇ ಗಾಡಿ ಹೊರಳಸ್ತಿದ್ರು ಇವರು..."

ಏರಸ್ರಿ ಧ್ವನಿ. ದಾರಿ ಕೇಳಿದ್ದ ಅವನು. ನಾನು ಚಪ್ಪಾಳೆ ಅಂದುಕೊಂಡಿದ್ದೆ.

ತುಂಬಿದ ಸಭೆಯ ಮುಂದೆ ಒಮ್ಮೆಯೂ ತಡವರಿಸದ ನಾಲಿಗೆ. ತೂಬಿನ ಕಟ್ಟೆ ಅಂತ ಹೇಳದೆ, ಡಾಕ್ಟರನ್ನು ಕರೆಯುವ ನೆವದಲ್ಲಿ ಎದ್ದು ಹೋದೆ.

ಜನವರಿ 11

ಕಣ್ಣು ತೆರೆದ! ಕಾಲು ಮುರಿದಿದೆ, ಜೀವಕ್ಕೆ ಭಯವಿಲ್ಲ ಅಂದರು ಡಾಕ್ಟರು. ನನ್ನನ್ನು ನೋಡಿ ನಕ್ಕ. "ನಾನ ತಪ್ಪಿದೆ ಶಂಕ್ರಣ್ಣ. ನಿಮ್ಮ ಧ್ವನಿ ಅತ್ತಾಗ, ನಾ ಇತ್ತಾಗ ಹೊರಳಿದ್ನೇನೋ."

ಹೂಂ ಅಂದೆ.

ಹೂಂ ಅಂದೆನಲ್ಲ!

ಹೊರಗೆ ಮಾಲಾ: "ನಾಳಿಂದ ಹಾಲು ನಾನ ಒಯ್ತೇನ್ರಿ. ತಮ್ಮನ ಸ್ಕೂಟಿ ಐತಿ. ಎಮ್ಮಿಗೇನ್ ಗೊತ್ರಿ ಇವರ ಕಾಲು ಮುರದದ್ದು? ಕಾವಳ ಇನ್ನಾ ಬಿಟ್ಟಿಲ್ಲ. ನೀವು ಇರ್ತೀರಲ್ರಿ ಅಣ್ಣಾರ, ಆಲದ ಬುಡಕ್ಕ?"

ನಾಳೆ ಮುಂಜಾನೆ ಮೊದಲು ಅವಳ ಅಂಗಳಕ್ಕೆ ಹೋಗುತ್ತೇನೆ. ಸ್ಕೂಟಿ ಹೊರಡುವ ಮೊದಲೇ. ಅವತ್ತು ಎಲ್ಲಿ ನಿಂತಿದ್ದೆ ಅಂತ ಹೇಳುತ್ತೇನೆ — ಕೆಳದನಿಯಲ್ಲಿ. ಬೈದರೆ ಬೈಯಲಿ. ಆಮೇಲೆ ಆಲದ ಬುಡಕ್ಕೆ ಓಡಿ, ಖಳನಾಯಕನನ್ನು ಬಿಟ್ಟು, ಗಂಟಲು ಹರಿಯುವ ತನಕ ಕೂಗುತ್ತೇನೆ — ಮಾಲಾ, ಇಲ್ಲೇ ತಂಗಿ, ಇಲ್ಲೇ ಹೊರಳು, ಇಲ್ಲೇ!